ಒಂದು ಎಳೆ ಹೂವು, ಒಂದು ಎಳೆ ಖಾಲಿ

“ಒತ್ತಬ್ಯಾಡೋ, ಕೈ ತಗಿ!”

ಉಮಕ್ಕ ನನ್ನ ಮಣಿಕಟ್ಟು ಹಿಡಿದೆಳೆದ ರಭಸಕ್ಕೆ ಮೌಸು ಟೇಬಲ್ಲಿನಿಂದ ಜಾರಿ ವೈರಿನಲ್ಲಿ ಜೋತಾಡಿತು. ಪರದೆಯ ಮೇಲೆ ಆ ಪ್ರಶ್ನೆ ಹಾಗೆಯೇ ನಿಂತಿತ್ತು. ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ? ಹೌದು, ಬೇಡ. ನನ್ನ ಬೆರಳು ‘ಹೌದು’ ಮೇಲಿತ್ತು. ಬನಹಟ್ಟಿಯ ಬಸ್ ಸ್ಟ್ಯಾಂಡಿನ ಎದುರು ಇಷ್ಟು ವರ್ಷ ಕಂಪ್ಯೂಟರ್ ರಿಪೇರಿ ಮಾಡಿದವನು ನಾನು, ಈ ಪ್ರಶ್ನೆಗೆ ಕಣ್ಣು ಮುಚ್ಚಿ ‘ಹೌದು’ ಒತ್ತಿಯೇ ರೂಢಿ.

“ಅಕ್ಕಾ, ಇದು ಖಾಲಿ ಡಿಸ್ಕು. ಕಂಪ್ಯೂಟರ್ರ ಹೇಳಾಕತ್ತೈತಿ ನೋಡು.”

“ಅದಕ್ಕ ಓದಾಕ ಬರಲಿಲ್ಲ ಅಂದ್ರ ಖಾಲಿ ಅಂತ ಅರ್ಥ ಏನು? ಲೇ ಪರಮ್ಯಾ, ನಿನಗ ಉರ್ದು ಬರಂಗಿಲ್ಲ. ಹಂಗಂತ ಉರ್ದು ಪೇಪರ್ ಖಾಲಿ ಇರತೈತೇನು?”

ನಾನು ಜೋತಾಡುತ್ತಿದ್ದ ಮೌಸನ್ನು ಎತ್ತಿ ಟೇಬಲ್ಲಿನ ಮೇಲಿಟ್ಟೆ. ನನ್ನ ದೊಡ್ಡಪ್ಪನ ಮಗಳು ಈಕೆ, ಚಿಮ್ಮಡದ ಉಮಾಶ್ರೀ. ಪೊಲೀಸ್ ಖಾತೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದವಳು, ಮೇಲಿನವರ ಜೊತೆ ಜಗಳ ತೆಗೆದು ಕೆಲಸ ಬಿಟ್ಟು ಬಂದು, ನನ್ನ ಅಂಗಡಿಯ ಮೇಲಿನ ಕೋಣೆಗೆ ‘ತನಿಖಾ ಸೇವೆ’ ಎಂದು ಬೋರ್ಡು ಹಾಕಿದ್ದಾಳೆ. ಬಾಡಿಗೆ ಕೇಳಿದರೆ ನನ್ನನ್ನೇ ತನಿಖೆ ಮಾಡುತ್ತಾಳೆ.

ಮೂಲೆಯ ಸ್ಟೂಲಿನ ಮೇಲೆ ಸತ್ಯವ್ವ ಕೂತಿದ್ದಳು. ರಬಕವಿಯ ಕೈಮಗ್ಗದ ನೇಕಾರತಿ. ಆ ಹಾರ್ಡ್ ಡಿಸ್ಕನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಂದವಳು ಅವಳೇ. ಕಳೆದ ವಾರ ನೇಕಾರರ ಸಂಘದ ಸಭೆಯಲ್ಲಿ ಪವರ್‌ಲೂಮ್ ಮಾಲೀಕ ಗಂಗಾರಾಮ ಶೇಟ್ರು ಎದ್ದು ನಿಂತು, ಈಕೆ ನೇಯುವ ಪಾವಟಗಿ ದಡಿ, ಅಂದರೆ ಹೊಳೆಯ ಮೆಟ್ಟಿಲು ಮೂಡಿಸಿದ ಸೀರೆಯ ಅಂಚು, ತಮ್ಮ ಕಾರ್ಖಾನೆಯಿಂದ ಕದ್ದದ್ದು ಎಂದು ಎಲ್ಲರೆದುರು ಹೇಳಿದ್ದರು. ಎರಡು ವರ್ಷದ ಹಿಂದಿನ, ಅಂದರೆ ಎರಡು ಸಾವಿರದ ಒಂಬತ್ತರ ತಾರೀಖಿರುವ ಕಂಪ್ಯೂಟರ್ ಫೈಲು ತೋರಿಸಿದ್ದರು. ಬರುವ ಸೋಮವಾರದೊಳಗೆ ದಡಿ ತನ್ನದೆಂದು ತೋರಿಸದಿದ್ದರೆ ಸಂಘದಿಂದ ಅವಳ ಹೆಸರು ಹೊಡೆದು ಹಾಕುತ್ತಾರೆ. ಹೆಸರು ಹೋದರೆ ಸಂಘದ ನೂಲು ನಿಲ್ಲುತ್ತದೆ, ನೂಲು ನಿಂತರೆ ಮಗ್ಗ ನಿಲ್ಲುತ್ತದೆ.

“ನೂಲಿಂದು ಬಿಡ್ರಿ ಅಕ್ಕಾರ,” ಎಂದಳು ಸತ್ಯವ್ವ. “ನನ್ನ ಕಳ್ಳಿ ಅಂದ್ರು. ಅದನ್ನ ಹೆಂಗ ತೊಳೀಲಿ? ಗಲಗಲಿ ನನ್ನ ತವರು. ಹೊಳಿ ಪಾವಟಗಿ ಮ್ಯಾಲ ಆಡಿ ಬೆಳದಾಕಿ ನಾ. ಡ್ಯಾಮಿನ ನೀರು ಬಂದು ಪಾವಟಗಿ ಮುಳುಗಿದ ಮ್ಯಾಲ ಸಾಲಿ ಧೀರೇಂದ್ರ ಮಾಸ್ತರಿಗೆ ಹೇಳಿ ಹೇಳಿ ಕಂಪ್ಯೂಟರಿನ್ಯಾಗ ಬರಸಿದ ದಡಿ ಅದು. ಸಾಯೂ ಮುಂದ ಮಾಸ್ತರ ಅಂದಿದ್ರಂತ, ಈ ಡಬ್ಬಿ ಸತ್ಯವ್ವಗ ಕೊಡ್ರಿ, ಇದರಾಗ ಆಕಿ ದಡಿ ಐತಿ ಅಂತ. ಶುಭದಾ ಬಾಯಾರು ತಂದು ಕೊಟ್ರು.”

ಆ ಡಬ್ಬಿಯನ್ನೇ ನಾನು ಒಂದು ಬೆರಳಿನಲ್ಲಿ ತೊಳೆದು ಹಾಕುವವನಿದ್ದೆ. ‘ಬೇಡ’ ಒತ್ತಿ, ಮೊದಲು ಇಡೀ ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ಅದೇ ಅಳತೆಯ ಇನ್ನೊಂದು ಹಳೆಯ ಡಿಸ್ಕಿಗೆ ನಕಲು ಮಾಡಿಟ್ಟೆ. ಆಮೇಲೆ ಮೂಲ ಡಿಸ್ಕು ಹಿಡಿದು ಇಬ್ಬರೂ ಉಮಕ್ಕನ ಸ್ಕೂಟರ್ ಏರಿ ಜಮಖಂಡಿಯ ಮಾಸ್ತರರ ಮನೆಗೆ ಹೊರಟೆವು. ಸತ್ಯವ್ವ ಮಗ್ಗದ ಕೆಲಸವಿದೆ ಎಂದು ರಬಕವಿಗೆ ಹೋದಳು.

ಧೀರೇಂದ್ರ ಮಾಸ್ತರರ ಹೆಂಡತಿ ಶುಭದಾ ಬಾಯಿ ಬಾಗಿಲಲ್ಲೇ ಕಾಯುತ್ತಿದ್ದರು. ಮಾತು ಮರಾಠಿಯಲ್ಲಿ ಶುರುವಾಗಿ ಕನ್ನಡಕ್ಕೆ ಬರುವಷ್ಟರಲ್ಲಿ ಚಹಾ ಬಂತು, ಅವಲಕ್ಕಿ ಬಂತು. ಮಾಸ್ತರರು ತೀರಿಕೊಂಡು ವರ್ಷ ದಾಟಿದ್ದರೂ ಅವರ ಕೋಣೆಯಲ್ಲಿ ಒಂದು ಸ್ಕ್ರೂ ಕೂಡ ಜಾಗ ಬಿಟ್ಟು ಕದಲಿರಲಿಲ್ಲ.

“ನೋಡ್ರಿ, ಇದs ಅವರ ಮಷೀನು,” ಎಂದು ಬಾಯಿ ಮೇಜಿನ ಮೇಲಿನ ಕೆಂಪು ಬಟ್ಟೆ ತೆಗೆದರು.

ಬಟ್ಟೆಯ ಕೆಳಗೆ ಸಾಲಿ ಮಕ್ಕಳ ಪಾಟಿಯಷ್ಟೇ ಅಗಲದ ಕರಿಯ ಕೀಬೋರ್ಡು. ಕೀಬೋರ್ಡೇ ಕಂಪ್ಯೂಟರು. ನಾನು ಚಡ್ಡಿ ಹಾಕುತ್ತಿದ್ದ ಕಾಲದ ಮಾಲು. ಟಿವಿಗೆ ಜೋಡಿಸಬೇಕು, ಬರೆದದ್ದನ್ನು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ಇಡಬೇಕು. ಡಿಸ್ಕು ಎನ್ನುವ ಪದಾರ್ಥವನ್ನೇ ಅದು ಕಂಡಿಲ್ಲ.

“ಕ್ಯಾಸೆಟ್ಟಿಗೆ ಬೂಸು ಹಿಡೀಲಿಕ್ಕೆ ಹತ್ತಿತ್ತು,” ಎಂದರು ಬಾಯಿ. “ದಡಿ ತಗೀಲಿಕ್ಕೆ ಹೋದ್ರ ಕಿರ್ರ್ ಅಂತ ಒದರೋದು, ರೀಲು ನುಂಗೋದು. ಹೊಸಾ ಕಂಪ್ಯೂಟರ್ ತಗೊಳ್ರಿ ಅಂದೆ. ಇದರ ತಪ್ಪೇನದ, ಇದನ್ಯಾಕ ಬಿಡಲಿ ಅಂದ್ರು. ಆಮ್ಯಾಲ ಇದನ್ನ ಮಾಡಿದ್ರು.”

ಅವರು ಪುಟ್ಟ ಮರದ ಪೆಟ್ಟಿಗೆಯೊಂದನ್ನು ನನ್ನ ಕೈಗಿತ್ತರು. ಮುಚ್ಚಳ ತೆಗೆದು ನೋಡಿದವನು ಚಹಾ ಕುಡಿಯುವುದನ್ನೇ ಮರೆತೆ.

ಯಂತ್ರದ ಬೆನ್ನಿಗೆ ಒಂದು ಸೀಳು ಇದೆ, ಒಳಗೆ ತಾಮ್ರದ ಪಟ್ಟಿಗಳ ಸಾಲು. ಹೊರಗಿನದನ್ನು ಜೋಡಿಸಲು ಅದಕ್ಕಿರುವ ಬಾಗಿಲು ಅದೊಂದೇ. ಆ ಬಾಗಿಲಿಗೆ ಹೊಂದುವ ಸಾಕೆಟ್ಟು ಈಗ ಬೆಳಗಾವಿಯಲ್ಲೂ ಸಿಗುವುದಿಲ್ಲ, ಪುಣೆಯಲ್ಲೂ ಸಿಗುವುದಿಲ್ಲ. ಮಾಸ್ತರರು ಏನು ಮಾಡಿದ್ದಾರೆ? ಹಾಳಾದ ಹಳೆಯ ಕಂಪ್ಯೂಟರಿನ ಬೋರ್ಡಿನಿಂದ ಉದ್ದನೆಯ ಕರಿಯ ಸ್ಲಾಟು ಕಿತ್ತು, ಗರಗಸದಲ್ಲಿ ಕೊಯ್ದು, ತುದಿ ಉಜ್ಜಿ, ಈ ಬಾಗಿಲಿಗೆ ಅಳತೆ ತಂದಿದ್ದಾರೆ. ಆ ಬೋರ್ಡು ನನ್ನ ಅಂಗಡಿಯ ಗುಜರಿ ಚೀಲದಿಂದಲೇ ಹೋದದ್ದು. ಸಾಲಿಯ ವಿಜ್ಞಾನ ಪ್ರದರ್ಶನಕ್ಕೆ ಒಯ್ಯುತ್ತಾರೆ ಅಂದುಕೊಂಡಿದ್ದೆ ನಾನು!

ಸ್ಲಾಟಿನಿಂದ ನಾಲ್ಕಾರು ಚಿಪ್‌ಗಳಿಗೆ, ಚಿಪ್‌ಗಳಿಂದ ಹಾರ್ಡ್ ಡಿಸ್ಕಿನ ಅಗಲ ಪಟ್ಟಿಗೆ ಕೂದಲಿನಂಥ ತಂತಿಗಳು. ಎಲ್ಲವೂ ಕೈಯಿಂದ ಬೆಸುಗೆ ಹಾಕಿದ್ದು. ಒಂದಕ್ಕೊಂದು ತಾಕಿಲ್ಲ, ಒಂದೂ ಸಡಿಲಿಲ್ಲ, ಮಗ್ಗಕ್ಕೆ ಹಾಸು ಹೂಡಿದ ಹಾಗೆ ನೆಟ್ಟಗೆ ಹೋಗಿವೆ. ಮಾರುಕಟ್ಟೆಯಲ್ಲಿ ಸಿಗುವ ಯಾವ ಡಿಸ್ಕಾದರೂ ಆಗಲಿ, ಇದಕ್ಕೆ ಸಿಕ್ಕಿಸಿದರೆ ಹಳೆಯ ಯಂತ್ರ ‘ಕ್ಯಾಸೆಟ್ಟಿನಿಂದ ತಗೋ’ ಎಂಬ ಆಜ್ಞೆಗೇ ಡಿಸ್ಕಿನಿಂದ ತೆಗೆದು ಕೊಡುತ್ತದೆ. ಭಲೇ ಮಾಸ್ತರ! ನಾನು ಹೊಸ ಭಾಗ ಹಾಕಿ ಹಳೆಯದನ್ನು ಎಸೆಯುವುದನ್ನೇ ರಿಪೇರಿ ಎಂದುಕೊಂಡವನು. ನಿಜವಾಗಿ ಎದ್ದು ಕೈಮುಗಿಯಬೇಕೆನಿಸಿತು, ಮುಗಿದೆ ಕೂಡ.

“ಯಾರಿಗೆ ನಮಸ್ಕಾರ ಮಾಡಾಕತ್ತೀ?” ಉಮಕ್ಕ ಕೇಳಿದಳು.

“ಇದನ್ನ ಮಾಡಿದ ಕೈಗೆ.”

ಶುಭದಾ ಬಾಯಿಯ ಕಣ್ಣು ತುಂಬಿದವು. “ಇಷ್ಟು ದಿವಸಕ್ಕ ನೀವೊಬ್ಬರs ನೋಡ್ರಿ ಹಿಂಗ ಅಂದವರು. ದಡಿ ಛಲೋ ಅದ ಅಂದ್ರ ಎಲ್ಲಾರೂ ಸತ್ಯವ್ವನ ಹೆಸರು ತಗೋತಾರ. ಖರೆ, ಆಕಿ ಹೇಳಿದ್ಳು. ಆದ್ರ ಎಳಿ ಎಳಿ ಕೂಡಿಸಿದವರು ಇವರು. ಇವರ ಹೆಸರು ಒಬ್ಬರೂ ಕೇಳಲಿಲ್ಲ.”

ಟಿವಿ ಪರದೆಯ ಮೇಲೆ ಧೂಳಿತ್ತು. ಕೈಗೆ ಸಿಕ್ಕ ಆ ಕೆಂಪು ಬಟ್ಟೆಯಿಂದಲೇ ಒರೆಸಲು ಹೋದೆ. ಅಂಚಿನಲ್ಲಿ ಹೆಬ್ಬೆರಳಿಗೆ ಏನೋ ಏರು ತಗ್ಗು ತಾಕಿತು. ಅಷ್ಟರಲ್ಲಿ ಬಾಯಿ ಅದನ್ನು ಕಸಿದೇಬಿಟ್ಟರು.

“ಅಯ್ಯ, ಅದರಾಗ ಒರಸಬ್ಯಾಡ್ರೀ! ಬ್ಯಾರೆ ಅರಬಿ ಕೊಡ್ತೀನಿ.”

ಬಟ್ಟೆಯನ್ನು ಮಡಿಚಿ ಟ್ರಂಕಿನ ಮೇಲಿಟ್ಟು, ಹಳೆಯ ಪಂಚೆಯ ಚೂರು ತಂದುಕೊಟ್ಟರು. ಗಂಡನ ವಸ್ತುಗಳ ಮೇಲೆ ಎಷ್ಟು ಮಮಕಾರ ಅಂದುಕೊಂಡು ನಾನು ಒರೆಸಿ ಮುಗಿಸಿದೆ.

ಡಿಸ್ಕು ಜೋಡಿಸಿ ಯಂತ್ರ ಚಾಲೂ ಮಾಡಿದೆವು. ಡಿಸ್ಕು ಗುರ್ರೆಂದು ತಿರುಗಿತು. ಟಿವಿಯ ಮೇಲೆ ಎಡದಿಂದ ಒಂದೊಂದೇ ಗೆರೆ ಮೂಡಿ, ಮೆಟ್ಟಿಲ ಮೇಲೆ ಮೆಟ್ಟಿಲು ಕಟ್ಟುತ್ತ, ಗಲಗಲಿಯ ಮುಳುಗಿದ ಪಾವಟಿಗೆ ಕಣ್ಣೆದುರು ಎದ್ದು ನಿಂತಿತು. ಬುಡದಲ್ಲಿ ನೀರಿನ ಅಲೆ, ತುದಿಯಲ್ಲಿ ಕೊಡ. ಇದೇ ಸತ್ಯವ್ವನ ದಡಿ. ನಾನು ಕೂಗಿಯೇಬಿಟ್ಟೆ.

“ಆತಲ್ಲ ಅಕ್ಕಾ! ಸೋಮವಾರ ಇದನ್ನ ತೋರಿಸಿದ್ರ ಮುಗೀತು!”

“ತಾರೀಖು ಎಲ್ಲೈತಿ?”

ನಾನು ಹುಡುಕಿದೆ. ಇರಲಿಲ್ಲ. ಈ ಯಂತ್ರದಲ್ಲಿ ಗಡಿಯಾರವೇ ಇಲ್ಲ, ತಾರೀಖು ಎಲ್ಲಿಂದ ಬರಬೇಕು? ನಿನ್ನೆ ರಾತ್ರಿ ಬರೆದದ್ದು ಎಂದು ಗಂಗಾರಾಮ ಶೇಟ್ರು ಹೇಳಿದರೆ ನಮ್ಮ ಬಳಿ ಉತ್ತರವಿಲ್ಲ.

“ನಾ ಬಂದು ಹೇಳ್ತೀನಲ್ಲ,” ಎಂದರು ಶುಭದಾ ಬಾಯಿ. “ಸತ್ಯವ್ವ ಬಂದು ಇಲ್ಲೇ ಕೂತು ಬರಸ್ತಿದ್ಲು ಅಂತ ಸಂಘದಾಗ ನಾನs ಹೇಳ್ತೀನಿ.”

ಅದೊಂದೇ ಆಸರೆ ಎಂದುಕೊಂಡು ನಾನು ಪೆಟ್ಟಿಗೆಯ ಮುಚ್ಚಳ ಹಾಕಲು ಹೋದವನು, ಒಳಗೆ ಇನ್ನೊಮ್ಮೆ ಇಣುಕಿದೆ. ಡಿಸ್ಕಿನ ಪಟ್ಟಿಯಲ್ಲಿ ಮಾಹಿತಿ ಸಾಗುವ ತಂತಿ ಹದಿನಾರು. ಮಾಸ್ತರರು ಬೆಸೆದದ್ದು ಎಂಟು. ಉಳಿದ ಎಂಟು ಎಲ್ಲಿಗೂ ಹೋಗಿರಲಿಲ್ಲ.

“ಬಾಯಾರ, ಇವು ಯಾಕ ಹಂಗs ಉಳದಾವು?”

“ಅದನ್ನ ನಾನೂ ಕೇಳಿದ್ದೆ. ಈ ಮಷೀನಿಗೆ ಇರೋದು ಎಂಟs ದಾರಿ ಅಂತ. ಡಿಸ್ಕಿನ ಅರ್ಧಾ ಜಾಗಾ ಖಾಲಿ ಹೋಗ್ತದ, ಹೋಗ್ಲಿ, ಅರ್ಧಾನೂ ನಮಗ ಸಮುದ್ರ ಆಗ್ತದ ಅಂತ ನಕ್ಕಿದ್ರು.”

ಉಮಕ್ಕ ಚಹಾ ಲೋಟ ಕೆಳಗಿಟ್ಟಳು. “ಅರ್ಧಾ ಖಾಲಿ ಅಂದ್ರ ಹೆಂಗ? ಮೊದಲನೇ ಅರ್ಧಾ ತುಂಬಿ, ಆಮ್ಯಾಲಿಂದು ಖಾಲಿ?”

“ಹಂಗಲ್ಲ ಅಕ್ಕಾ,” ಎಂದೆ ನಾನು. “ಓಣ್ಯಾಗ ಒಂದು ಮನಿ ಬಿಟ್ಟು ಒಂದು ಮನಿಯಾಗ ಮಂದಿ ಇದ್ದಂಗ. ಒಂದು ಮನಿ ತುಂಬಿದ್ದು, ಬಾಜೂದು ಖಾಲಿ. ದಡೀದು ಒಂದೊಂದು ಎಳಿ ಒಂದೊಂದು ಮನಿಯಾಗ ಐತಿ. ಮಾಸ್ತರ ಪೆಟಗಿ ಖಾಲಿ ಮನಿ ಬಿಟ್ಟು ಓದತೈತಿ.”

“ಮತ್ತ ನಿನ್ನ ಅಂಗಡಿ ಕಂಪ್ಯೂಟರ್?”

“ಅದಕ್ಕೇನು ಗೊತ್ತು? ಅದು ಎಲ್ಲಾ ಮನಿ...” ಉಮಕ್ಕ ಆಗಲೇ ಸ್ಕೂಟರಿನ ಕೀಲಿ ಹಿಡಿದು ಎದ್ದಿದ್ದಳು.

ಮೂಲ ಡಿಸ್ಕು ತೆಗೆದುಕೊಂಡು ಹೊರಟೆವು. ಅವಳು ಹೇಗೆ ಗಾಡಿ ಓಡಿಸಿದಳೋ, ನಾನು ಹೇಗೆ ಹಿಂದೆ ಕೂತೆನೋ ಆ ದೇವರಿಗೇ ಗೊತ್ತು. ಅಂಗಡಿಗೆ ಬಂದವನೇ ಡಿಸ್ಕಿನ ಮಾಹಿತಿಯನ್ನು ರಿಕವರಿ ಸಾಫ್ಟ್‌ವೇರಿನಲ್ಲಿ ತೆರೆದು, ಯಾವ ಮನೆಯನ್ನೂ ಬಿಡದೆ ಚುಕ್ಕಿ ಚುಕ್ಕಿಯಾಗಿ ಪರದೆಗೆ ಇಳಿಸಿದೆ. ಪಾವಟಿಗೆ ಬಂತು. ಆದರೆ ಎರಡು ಪಟ್ಟು ಉದ್ದ. ಪ್ರತಿ ಹೂವಿನ ಎಳೆಯ ಪಕ್ಕ ಒಂದು ಖಾಲಿ ಎಳೆ.

ಉಮಕ್ಕ ತನ್ನ ಚೀಲದಿಂದ ಫೋಟೋ ತೆಗೆದು ಪರದೆಯ ಪಕ್ಕ ಹಿಡಿದಳು. ಗಂಗಾರಾಮ ಶೇಟ್ರು ನೇಯಿಸಿದ್ದು ನಮೂನೆಯ ಸೀರೆ ಒಂದೇ. ಪೇಟೆಗೆ ಬಂದಿಲ್ಲ, ಸಂಘದ ಕಪಾಟಿನಲ್ಲಿ ಸೀಲಾಗಿ ಕೂತಿದೆ. ಅದರ ದಡಿಯ ಫೋಟೋ ಅದು. “ಒಂದು ಎಳಿ ಹೂವು, ಒಂದು ಎಳಿ ಸಾದಾ, ಇದು ನಮ್ಮ ಕಾರ್ಖಾನಿ ಕೈಚಳಕ” ಎಂದು ಶೇಟ್ರು ಸಭೆಯಲ್ಲಿ ಮೀಸೆ ತಿರುವಿದ್ದು ಇಡೀ ಊರಿಗೆ ಗೊತ್ತು.

ಫೋಟೋ, ಪರದೆ. ಎಳೆಗೆ ಎಳೆ ಸರಿಯಾಗಿ ಕೂತಿತು.

“ಶಹಬ್ಬಾಸ್ ಮಾಸ್ತರ!” ಉಮಕ್ಕ ಟೇಬಲ್ ಗುದ್ದಿದಳು. “ಬೆಸಿಗಿ ಹಾಕದ ಎಂಟು ತಂತಿಯಿಂದ ಕಳ್ಳನ್ನ ಹಿಡಿದು ಕೊಟ್ರಲ್ಲೋ! ಈ ಸಾದಾ ಎಳಿ ಯಾವ ಕಾರ್ಖಾನೀದೂ ಅಲ್ಲ. ಬ್ಯಾರೆ ಕಂಪ್ಯೂಟರಿನ್ಯಾಗ ಈ ಡಿಸ್ಕು ಓದಿದವಗಷ್ಟ ಇದು ಸಿಗತೈತಿ. ಗಂಗಾರಾಮ ಶೇಟ್ರಿಗೆ ಡಿಸೈನ್ ಮಾಡಿಕೊಡಾಂವ ಯಾರು?”

“ಹಾಲೇಶ,” ಎಂದೆ.

ಹಾಲೇಶನ ಡಿಸೈನ್ ಅಂಗಡಿ ಬನಹಟ್ಟಿಯ ಮಗ್ಗಗಳ ಓಣಿಯಲ್ಲಿದೆ. ಹೊರಗೆ ಪವರ್‌ಲೂಮುಗಳ ಖಟಖಟ, ಒಳಗೆ ದಡಿಯ ಚಿತ್ತಾರ ನೇಯಿಸುವ ಜಕಾರ್ಡಿನ ರಟ್ಟಿಗೆ ತೂತು ಹೊಡೆಯುವ ಯಂತ್ರದ ಟಕಟಕ. ಒಳ್ಳೆಯ ಕೆಲಸಗಾರ, ಮೆಲು ಮಾತಿನವನು. ಧೀರೇಂದ್ರ ಮಾಸ್ತರರ ಕೈಯಲ್ಲೇ ಸಾಲಿ ಕಲಿತವನು. ನಮ್ಮನ್ನು ಕಂಡು ಯಂತ್ರ ನಿಲ್ಲಿಸಿ ಕುರ್ಚಿ ಒರೆಸಿದ.

ಉಮಕ್ಕ ದಡಿಯ ಮಾತನ್ನೇ ಎತ್ತಲಿಲ್ಲ. ನಾನು ಮಾಡಿದ ನಕಲು ಡಿಸ್ಕನ್ನು ಸತ್ಯವ್ವನ ಸೀರೆಯ ತುಂಡಿನಿಂದ ಬಿಡಿಸಿ ಅವನ ಮುಂದಿಟ್ಟಳು.

“ಹಾಲೇಶಣ್ಣ, ಸತ್ಯವ್ವ ಕೊಟ್ಟ ಡಿಸ್ಕು. ಖಾಲಿ ಐತಿ ಅಂತ ಪರಮ್ಯಾ ಹೇಳಿದ. ಲಗ್ನದ ಫೋಟೋ ತುಂಬಬೇಕು, ಚೊಕ್ಕ ಮಾಡಿ ಕೊಡ್ತೀಯೇನು?”

“ಆತ್ರಿ ಅಕ್ಕಾರ, ಅದಕ್ಕೇನು.”

ಅವನು ಡಿಸ್ಕು ಸಿಕ್ಕಿಸಿದ. ಅದೇ ಪ್ರಶ್ನೆ ಬಂತು. ಫಾರ್ಮ್ಯಾಟ್ ಮಾಡಲೇ? ಹೌದು, ಬೇಡ. ಅವನ ಬೆರಳು ‘ಹೌದು’ ಮೇಲೆ ಬಂದು ನಿಂತಿತು. ಒತ್ತಿದ್ದರೆ ಅವನ ಕಳವಿನ ಗುರುತೇ ಉಳಿಯುತ್ತಿರಲಿಲ್ಲ, ಅದು ನಕಲೆಂದು ಗೊತ್ತಿಲ್ಲದ ಅವನು ಹಾಗೆಂದೇ ನಂಬಿದ್ದ. ಆಮೇಲೆ ಬೆರಳು ಮೆಲ್ಲಗೆ ಪಕ್ಕಕ್ಕೆ ಸರಿದು ‘ಬೇಡ’ ಒತ್ತಿತು.

“ಖಾಲಿ ಡಿಸ್ಕಿಗೆ ಯಾಕ ಬ್ಯಾಡ ಅಂದಿ, ಹಾಲೇಶಣ್ಣ?”

ಅವನು ಡಿಸ್ಕನ್ನು ಬಿಚ್ಚಿ ಮತ್ತೆ ಸೀರೆಯ ತುಂಡಿನ ಮೇಲಿಟ್ಟ.

“ಕಂಪ್ಯೂಟರ್ ಖಾಲಿ ಅಂತು, ಪರಮ್ಯಾ ಖಾಲಿ ಅಂದ, ನಾ ಖಾಲಿ ಅಂದೆ. ಅಲ್ಲ ಅಂತ ನಿನಗ ಹೆಂಗ ಗೊತ್ತಾತು?”

ಹಾಲೇಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. “ಅಳಸಾಕ ಕೈ ಬರಲಿಲ್ರಿ ಅಕ್ಕಾರ. ಮಾಸ್ತರ ಕೆಲಸ ಅದು. ಆ ಹಳೇ ಪಾಟಿಯಂಥಾ ಮಷೀನಿಂದ ಇಂಥಾ ದಡಿ ತಗದಾರಲ್ಲ ಅಂತ, ಮೊದಲ ಸಲ ನೋಡಿದಾಗ ಅತ್ತಿದ್ದೆ ನಾ. ಅದನ್ನ ನನ್ನ ಕೈಯಿಂದ ಹೆಂಗ ಅಳಸಲಿ?”

ನನಗೆ ಅವನ ಮೇಲಿದ್ದ ಸಿಟ್ಟು ಅರ್ಧಕ್ಕರ್ಧ ಇಳಿಯಿತು. ಅದೇ ಮಾಸ್ತರರ ಕೆಲಸದ ಮುಂದೆ ಬೆಳಿಗ್ಗೆ ನಾನೂ ಕೈಮುಗಿದಿದ್ದೆನಲ್ಲ.

ಉಮಕ್ಕ ಮಾತ್ರ ಇಳಿಯಲಿಲ್ಲ. “ಅತ್ತು, ಆಮ್ಯಾಲ ಶೇಟ್ರಿಗೆ ಕೊಟ್ಟಿ.”

“ಹೌದ್ರಿ. ಆದ್ರ ಕದೀಲಿಲ್ಲ. ಡಿಸ್ಕು ಒಬ್ಬರು ನನ್ನ ಕೈಯಾಗ ತಂದು ಕೊಟ್ಟಿದ್ದು. ಮಾಸ್ತರು ಹಾಸಿಗಿ ಹಿಡದಾಗ. ‘ಒಂದು ಮಗ್ಗದಾಗ ಇದು ಸಾಯಬಾರದು, ನೂರು ಮಗ್ಗದಾಗ ಓಡಬೇಕು’ ಅಂದ್ರು ತಂದವರು. ಮಾಸ್ತರ ಹೆಸರಿನ್ಯಾಗ ದಡಿ ಹೊರಗ ಬರತೈತಿ ಅಂತ ಶೇಟ್ರು ನನಗೂ ಹೇಳಿದ್ರು, ಅವರಿಗೂ ಹೇಳಿದ್ರು. ಸಭಾದಾಗ ತಮ್ಮದು ಅಂದುಬಿಟ್ರು. ಸತ್ಯವ್ವನ್ನ ಕಳ್ಳಿ ಮಾಡ್ತಾರ ಅಂತ ದೇವರಾಣೆ ಗೊತ್ತಿರಲಿಲ್ರಿ.”

“ತಂದು ಕೊಟ್ಟವರು ಯಾರು?”

“ಅದೊಂದು ಕೇಳಬ್ಯಾಡ್ರಿ. ಮಾತು ಕೊಟ್ಟೇನಿ.”

“ಸೋಮವಾರ ಆಕಿ ಮಗ್ಗ ನಿಲ್ಲತೈತಿ. ನಿನ್ನ ಮಾತು ದೊಡ್ಡದೇನು?”

ಹಾಲೇಶ ತಲೆ ಎತ್ತಲಿಲ್ಲ. “ಹೆಸರು ನನ್ನ ಬಾಯಿಂದ ಬರಂಗಿಲ್ಲ. ಇಷ್ಟು ಹೇಳ್ತೇನಿ. ಸೀರಿ ನೇಯೂಕಿಂತ ಮೊದಲ ಎಳಿ ನೋಡಾಕಂತ ಒಂದು ಮೊಳದ ತುಂಡು ನೇಯ್ದಿದ್ದೆ. ಕೆಂಪು ತುಂಡು. ಶೇಟ್ರಿಗೂ ಗೊತ್ತಿಲ್ಲ. ಅದನ್ನ ಡಿಸ್ಕು ತಂದವರಿಗೇ ಕೊಟ್ಟೆ. ಎದಿಗೆ ಒತ್ತಿಕೊಂಡು ಹೋದ್ರು.”

ಕೆಂಪು ತುಂಡು. ನನ್ನ ಹೆಬ್ಬೆರಳಿಗೆ ಆ ಏರು ತಗ್ಗು ಮತ್ತೆ ತಾಕಿದ ಹಾಗಾಯಿತು. ಒಂದು ಎಳೆ ಏರು, ಒಂದು ಎಳೆ ತಗ್ಗು. ‘ಅದರಾಗ ಒರಸಬ್ಯಾಡ್ರೀ!’

“ಅಕ್ಕಾ...” ಎಂದೆ. ನನ್ನ ಮುಖ ನೋಡಿಯೇ ಉಮಕ್ಕನಿಗೆ ತಿಳಿಯಿತು. ಸೋಮವಾರ ಸತ್ಯವ್ವನ ಪರವಾಗಿ ಎದ್ದು ನಿಲ್ಲಬೇಕಾದವರು ಇರುವುದೇ ಒಬ್ಬರು, ಹಾಲೇಶನಿಗೆ ಡಿಸ್ಕು ಕೊಟ್ಟವರೂ ಅವರೇ.

ಅಷ್ಟರಲ್ಲಿ ಅವಳ ಮೊಬೈಲು ಹೊಡೆದುಕೊಂಡಿತು. ಸತ್ಯವ್ವ. ಉಮಕ್ಕ ಸ್ಪೀಕರ್ ಒತ್ತಿದಳು. ಆ ಕಡೆ ಓಣಿಯ ಮಗ್ಗಗಳ ಸಪ್ಪಳ, ನಡುವೆ ಸತ್ಯವ್ವನ ಹಿಗ್ಗಿದ ದನಿ.

“ಅಕ್ಕಾರ, ಶುಭದಾ ಬಾಯಾರು ನಮ್ಮ ಮನಿಗೆ ಬಂದಾರ್ರಿ! ಮಾಸ್ತರ ಮಷೀನು, ಪೆಟಗಿ, ಎಲ್ಲಾ ಆಟೋದಾಗ ಹಾಕ್ಕೊಂಡು ತಂದಾರ. ಇನ್ನ ಮ್ಯಾಲ ಇದು ನಿಂದs ಅಂತ ನನ್ನ ಮುಂದ ಇಟ್ಟಾರ. ಎಂಥಾ ದೊಡ್ಡ ಮನಸ್ಸರಿ ಅವರದು! ನಾಳಿ ಪುಣೇಕ ಹೊಂಟಾರಂತ, ಸೋಮವಾರ ಬರಾಕ ಆಗಂಗಿಲ್ಲಂತ, ಅದೊಂದs ಕೆಟ್ಟ ಅನ್ನಸಾಕತ್ತೈತಿ...”

“ಸತ್ಯವ್ವಾ, ಅವರನ್ನ ಹೋಗಾಕ ಬಿಡಬ್ಯಾಡ. ನಾ ಬರಾಕತ್ತೇನಿ. ಮತ್ತ ಮಷೀನ್ ಮ್ಯಾಲಿನ ಬಟ್ಟಿ...”

“ಹ್ಞಾಂ, ಬಟ್ಟಿ ಸುತ್ಯಾರ ನೋಡ್ರಿ, ಈಗ ಬಿಚ್ಚಾಕತ್ತಿದ್ದೆ. ಅಗದೀ ಮೆತ್ತಗ...”

ಹುಟ್ಟಿದಾಗಿನಿಂದ ಎಳೆ ಮುಟ್ಟುತ್ತ ಬಂದ ಕೈ ಅದು, ನೋಡುವ ಅಗತ್ಯವೇ ಇಲ್ಲ.

“ಅಕ್ಕಾರ,” ಎಂದಳು ಸತ್ಯವ್ವ, ಈಗ ದನಿಯಲ್ಲಿ ಹಿಗ್ಗಿರಲಿಲ್ಲ. “ಒಂದು ಎಳಿ ಹೂವು, ಒಂದು ಎಳಿ ಸಾದಾ. ಇದು ಶೇಟ್ರ ದಡಿ. ಇದು ಬಾಯಾರ ಕಡೆ ಹೆಂಗ ಬಂತ್ರಿ?”

ಉಮಕ್ಕ ಉತ್ತರಿಸುವ ಮೊದಲೇ ಆ ಕಡೆಯಿಂದ ಶುಭದಾ ಬಾಯಿಯ ಮಾತು ಕೇಳಿಸಿತು, ಅತ್ತು ಗಟ್ಟಿಯಾದ ದನಿ.

“ಫೋನ್ ಕೆಳಗಿಡು ಸತ್ಯವ್ವಾ. ಅವರೇನು ಹೇಳ್ತಾರ? ದಡಿ ಕೊಟ್ಟಾಕಿ ನಾನು, ನಮ್ಮವರ ಹೆಸರು ಬರಲಿ ಅಂತ ಕೊಟ್ಟೆ. ನಾನs ಹೇಳ್ತೀನಿ. ಆದ್ರ ಮೊದಲ ಬಾಗಿಲಾ ಹಾಕ್ಕೊಂಡು ಬಾ.”

ಫೋನು ಕಟ್ಟಾಯಿತು. ಉಮಕ್ಕ ಮತ್ತೆ ಮತ್ತೆ ಒತ್ತಿದಳು. ರಬಕವಿಯ ಆ ಮನೆಯಲ್ಲಿ ಅದನ್ನು ಯಾರೂ ಎತ್ತಲಿಲ್ಲ.